ಕಾಲೇ ಕಾಣದ ಕುಣಿತ: ಒಂದು ಓಟಿಟಿ ಕಂಪನಿಗೆ ಬಹಿರಂಗ ಪತ್ರ

ಚಲನಚಿತ್ರ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಓದುತ್ತಾ ಹೋದರೆ ನಿಮಗೇ ಗೊತ್ತಾಗುತ್ತದೆ, ಅಲ್ಲದೆ ಈ ರೋಗ ನಿಮ್ಮೊಬ್ಬರದ್ದೂ ಅಲ್ಲ. ನಾನು ಮೂರು ವರ್ಷದಿಂದ ನಿಮ್ಮ ಚಂದಾದಾರ. ನಿಮ್ಮ ಹೊಸ ಸೀರೀಸ್‌ಗಳನ್ನು ನಾನು ನೋಡುವುದು ಕಡಿಮೆ. ನಾನು ದುಡ್ಡು ಕಟ್ಟುವುದು ಹಳೆಯ ಹಾಲಿವುಡ್ ಚಿತ್ರಗಳಿಗಾಗಿ. ಎಂಜಿಎಂ, ವಾರ್ನರ್, ಪ್ಯಾರಾಮೌಂಟ್, ಫಾಕ್ಸ್, ಆರ್‌ಕೆಓ ಅಂತ ಐದು ದೊಡ್ಡ ಸ್ಟುಡಿಯೋಗಳಿದ್ದವಲ್ಲ, ನಟರು, ಕ್ಯಾಮೆರಾದವರು, ಬಡಗಿಗಳು, ದರ್ಜಿಗಳು ಎಲ್ಲರನ್ನೂ ಸಂಬಳಕ್ಕಿಟ್ಟುಕೊಂಡು, ಚಿತ್ರಮಂದಿರಗಳನ್ನೂ ತಾವೇ ಇಟ್ಟುಕೊಂಡು ಕಾರ್ಖಾನೆಯ ಹಾಗೆ ಚಿತ್ರ ತೆಗೆಯುತ್ತಿದ್ದ ಕಾಲ, ಆ ಕಾಲದ ಚಿತ್ರಗಳು. ನಿಮ್ಮ ಹತ್ತಿರ ಅವು ಇರುವುದೇ ಬೆರಳೆಣಿಕೆಯಷ್ಟು. ಇರುವಷ್ಟನ್ನಾದರೂ ನೆಟ್ಟಗೆ ತೋರಿಸಿ ಅಂತ ಕೇಳಲು ಈ ಪತ್ರ.

ಹೋದ ತಿಂಗಳು ನಮ್ಮ ಚಿಕ್ಕಮ್ಮ ಮನೆಗೆ ಬಂದಿದ್ದರು. ಮೂವತ್ತು ವರ್ಷ ಮಕ್ಕಳಿಗೆ ಭರತನಾಟ್ಯ ಹೇಳಿಕೊಟ್ಟವರು. ಈಗ ಮಂಡಿ ನೋವು, ಕ್ಲಾಸ್ ನಿಲ್ಲಿಸಿದ್ದಾರೆ. ರಾತ್ರಿ ಊಟ ಆದ ಮೇಲೆ, "ನಿಮಗೆ ಒಬ್ಬ ಕುಣಿಯೋನನ್ನ ತೋರಿಸ್ತೀನಿ ಬನ್ನಿ" ಅಂತ ಕೂರಿಸಿಕೊಂಡು 1935ರ 'ಟಾಪ್ ಹ್ಯಾಟ್' ಹಾಕಿದೆ. ಫ್ರೆಡ್ ಆಸ್ಟೇರ್, ಜಿಂಜರ್ ರಾಜರ್ಸ್. ಕಥೆ ಏನೂ ಇಲ್ಲ ಬಿಡಿ, ಒಬ್ಬರನ್ನು ಇನ್ನೊಬ್ಬರು ಅಂದುಕೊಳ್ಳುವ ಗೊಂದಲ ಅಷ್ಟೆ. ಆದರೆ ಆಸ್ಟೇರ್ ಎದ್ದು ನಿಂತು ಕುಣಿಯಲು ಶುರು ಮಾಡಿದರೆ ಕಥೆ ಯಾರಿಗೆ ಬೇಕು? ಚಿಕ್ಕಮ್ಮ ಕನ್ನಡಕ ಸರಿ ಮಾಡಿಕೊಂಡು ಮುಂದಕ್ಕೆ ಬಗ್ಗಿ ಕೂತರು. ಎರಡು ನಿಮಿಷ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಏನೋ ಇದು, ಕಾಲೇ ಕಾಣಿಸ್ತಿಲ್ವಲ್ಲೋ?" ಅಂದರು.

ನಿಜ. ಕಾಲಿರಲಿಲ್ಲ. ತಲೆಯ ಮೇಲೂ ಜಾಗವಿರಲಿಲ್ಲ, ಕೂದಲು ಪರದೆಯ ಅಂಚಿಗೆ ತಾಗುತ್ತಿತ್ತು. ಪರದೆ ಮಾತ್ರ ಈ ತುದಿಯಿಂದ ಆ ತುದಿಯವರೆಗೆ ಭರ್ತಿಯಾಗಿತ್ತು. ಹೆಚ್ಚೂಕಡಿಮೆ ಚೌಕಾಕಾರದ ಚಿತ್ರವನ್ನು ಮೇಲೆ, ಕೆಳಗೆ ಕತ್ತರಿಸಿ ನಮ್ಮ ಅಗಲದ ಟಿವಿಗೆ ಕೂರಿಸಿದ್ದೀರಿ. ಟಿವಿಯ ಸೆಟ್ಟಿಂಗ್ ಇರಬಹುದು ಅಂತ ನಾನು ರಿಮೋಟ್ ಹಿಡಿದು ಅರ್ಧ ಗಂಟೆ ಒದ್ದಾಡಿದೆ. ಫೋನಿನಲ್ಲಿ ನೋಡಿದೆ, ಲ್ಯಾಪ್‌ಟಾಪಿನಲ್ಲಿ ನೋಡಿದೆ. ಎಲ್ಲ ಕಡೆ ಆಸ್ಟೇರ್‌ಗೆ ಕಾಲಿಲ್ಲ. ಅಷ್ಟರಲ್ಲಿ ಚಿಕ್ಕಮ್ಮ ಎದ್ದು ಹೋಗಿ ಮಲಗಿದ್ದರು.

ಇದು ಯಾಕೆ ಸಣ್ಣ ವಿಷಯ ಅಲ್ಲ ಅಂತ ಹೇಳುತ್ತೇನೆ. ಆಸ್ಟೇರ್‌ನದು ಒಂದೇ ಹಟ: ಕುಣಿಯುವಾಗ ತಲೆಯಿಂದ ಪಾದದವರೆಗೆ ಇಡೀ ಮೈ ಚೌಕಟ್ಟಿನೊಳಗೆ ಇರಬೇಕು. ನಡುವೆ ಮುಖದ ಕ್ಲೋಸಪ್ ಬೇಡ, ನೋಡುತ್ತಾ ನಿಂತವರ ಮುಖ ತೋರಿಸುವುದು ಬೇಡ, ಆದಷ್ಟು ಕಟ್ ಇಲ್ಲದೆ ಒಂದೇ ಓಟದಲ್ಲಿ ತೆಗೆಯಬೇಕು. ಅದಕ್ಕೋಸ್ಕರ ವಾರಗಟ್ಟಲೆ ತಾಲೀಮು ಮಾಡುತ್ತಿದ್ದರು. ಇದೇ ಚಿತ್ರದಲ್ಲಿ ರಾಜರ್ಸ್ ಆಸ್ಟ್ರಿಚ್ ಗರಿಗಳ ಉಡುಪು ಹಾಕಿಕೊಂಡು ಕುಣಿಯುತ್ತಾರೆ. ಚಿತ್ರೀಕರಣದಲ್ಲಿ ಆ ಗರಿಗಳು ಉದುರಿ ಉದುರಿ ಆಸ್ಟೇರ್‌ನ ಮೂಗು, ಕಣ್ಣು, ಕೋಟಿಗೆಲ್ಲ ಮೆತ್ತಿಕೊಂಡು ದೊಡ್ಡ ರಂಪವಾಗಿತ್ತು. ಆಮೇಲೆ ರಾಜೀ ಆಗಿ, ಆಕೆಗೆ 'ಗರಿ' ಅಂತಲೇ ಅಡ್ಡಹೆಸರು ಇಟ್ಟ. ಕಣ್ಣಿಟ್ಟು ನೋಡಿದರೆ ಈಗಲೂ ಒಂದೆರಡು ಗರಿ ಗಾಳಿಯಲ್ಲಿ ತೇಲುವುದು ಕಾಣುತ್ತದೆ. ನಿಮ್ಮ ಪ್ರಿಂಟಿನಲ್ಲಿ ಅವು ಎಲ್ಲಿ ಇಳಿದವೋ ದೇವರೇ ಬಲ್ಲ, ನೆಲವೇ ಇಲ್ಲವಲ್ಲ. ಯಕ್ಷಗಾನದ ವೇಷವನ್ನು ಕಿರೀಟ, ಗೆಜ್ಜೆ ಎರಡೂ ಕತ್ತರಿಸಿ ತೋರಿಸಿದರೆ ನಾವು ಸುಮ್ಮನಿರುತ್ತೇವಾ?

ಲೆಕ್ಕ ಬೇಕಿದ್ದರೆ ಲೆಕ್ಕವೂ ಇದೆ. ಆಸ್ಕರ್ ಕೊಡುವ ಅಮೆರಿಕದ ಅಕಾಡೆಮಿ 1932ರಲ್ಲಿ ಚಿತ್ರದ ಚೌಕಟ್ಟು ಇಷ್ಟೇ ಇರಬೇಕು ಅಂತ ಗೊತ್ತು ಮಾಡಿತು. ಎತ್ತರ 1 ಆದರೆ ಅಗಲ 1.37. ಮುಂದಿನ ಇಪ್ಪತ್ತು ವರ್ಷ ಹೆಚ್ಚೂಕಡಿಮೆ ಎಲ್ಲ ಸ್ಟುಡಿಯೋಗಳೂ ಇದೇ ಅಳತೆಗೆ ಚಿತ್ರ ತೆಗೆದವು. ಇವತ್ತಿನ ಟಿವಿಯ ಅಗಲ 1.78. ಆ ಚಿತ್ರವನ್ನು ಈ ಪರದೆಗೆ ಪೂರ್ತಿ ತುಂಬಬೇಕು ಅಂದರೆ ಎತ್ತರದಲ್ಲಿ ನೂರಕ್ಕೆ 23 ಪಾಲು ಬಿಸಾಕಬೇಕು. ಹತ್ತಿರ ಹತ್ತಿರ ಕಾಲು ಭಾಗ ಚಿತ್ರ. ಇಲ್ಲವಾದರೆ ಎಳೆದು ಅಗಲ ಮಾಡಬೇಕು, ಅದನ್ನೂ ನೀವು ಇನ್ನೊಂದು ಚಿತ್ರದಲ್ಲಿ ಮಾಡಿದ್ದೀರಿ. ಅಲ್ಲಿ ನಾಯಕ ನಟ ಹಂಫ್ರಿ ಬೊಗಾರ್ಟ್ ಕೆನ್ನೆ ಊದಿಕೊಂಡು, ಹಲ್ಲುನೋವು ಬಂದವನ ಹಾಗೆ ಕಾಣುತ್ತಾನೆ.

ತಮಾಷೆ ಏನು ಗೊತ್ತಾ? ಮೊದಲು ಟಿವಿ ಬಂದಾಗ ಅದು ತನ್ನ ಆಕಾರವನ್ನು ಸಿನಿಮಾದಿಂದಲೇ ಎರವಲು ತಂದಿತು. ಜನ ಮನೆಯಲ್ಲೇ ಕೂತು ಟಿವಿ ನೋಡತೊಡಗಿದಾಗ ಸ್ಟುಡಿಯೋಗಳು ಹೆದರಿ, ಟಿವಿಯಲ್ಲಿ ಸಿಗದ್ದೇನಾದರೂ ಕೊಡಬೇಕು ಅಂತ ಪರದೆ ಅಗಲ ಮಾಡಿದವು. 1953ರಲ್ಲಿ ಫಾಕ್ಸ್ ಸಿನಿಮಾಸ್ಕೋಪ್ ಅನ್ನುವ ಅಗಲ ಪರದೆಯ ವಿಧಾನ ತಂದಿತು. ಅರ್ಧ ಶತಮಾನ ಕಳೆದ ಮೇಲೆ ಟಿವಿಯೂ ಅಗಲವಾಯಿತು. ಈಗ ಟಿವಿಗೆ ಆಕಾರ ಕೊಟ್ಟ ಆ ಹಳೆಯ ಚಿತ್ರಗಳೇ ಟಿವಿಯಲ್ಲಿ ಹಿಡಿಸುವುದಿಲ್ಲವಂತೆ!

ನಾನು ಇವನ್ನು ಮೊದಲು ನೋಡಿದ್ದು ಡಬ್ಬಾ ಟಿವಿಯಲ್ಲಿ, ತೊಂಬತ್ತರ ದಶಕದಲ್ಲಿ. ನನ್ನ ವಯಸ್ಸಿನವರಿಗೆ ನೆನಪಿರುತ್ತದೆ. ಹಗಲೆಲ್ಲ ಕಾರ್ಟೂನ್ ನೆಟ್‌ವರ್ಕ್, ಹೊತ್ತು ಇಳಿದ ಮೇಲೆ ಅದೇ ಚಾನೆಲ್ಲಿನಲ್ಲಿ ಹಳೆಯ ಹಾಲಿವುಡ್ ಚಿತ್ರ ಹಾಕುವ ಟಿಎನ್‌ಟಿ. ಟಾಮ್ ಅಂಡ್ ಜೆರಿ ನೋಡುತ್ತಾ ಕೂತಿದ್ದ ಹಾಗೇ ಇದ್ದಕ್ಕಿದ್ದಂತೆ ಕಪ್ಪು ಬಿಳುಪಿನಲ್ಲಿ ಟೋಪಿ ಹಾಕಿದ ಗಂಡಸರು ಸಿಗರೇಟ್ ಸೇದುತ್ತಾ ಬರುತ್ತಿದ್ದರು. ಮೊದಮೊದಲು ಅಳು ಬರುತ್ತಿತ್ತು. ಆಮೇಲೆ ಒಂದು ರಾತ್ರಿ, ಆಗಷ್ಟೇ ನೋಡಿ ಮುಗಿಸಿದ್ದ ಜೆರಿ ಇಲಿಯೇ ಜೀನ್ ಕೆಲ್ಲಿ ಅನ್ನುವ ನಿಜವಾದ ಮನುಷ್ಯನ ಜೊತೆ ಕುಣಿಯುವುದನ್ನು ಕಂಡೆ. 1945ರ ಎಂಜಿಎಂ ಚಿತ್ರ ಅಂತ ತಿಳಿದದ್ದು ಎಷ್ಟೋ ವರ್ಷ ಆದ ಮೇಲೆ. ಅವತ್ತಿನಿಂದ ಹತ್ತಿದ ಹುಚ್ಚು ಇದು. ಒಂದು ಮಾತು ಹೇಳಲೇಬೇಕು, ಕೇಬಲ್‌ನವನ ಕೃಪೆಯಿಂದ ಚಿತ್ರದ ಮೇಲೆ ಇರುವೆ ಹರಿದ ಹಾಗೆ ಕಾಣುತ್ತಿತ್ತು, ನಿಜ, ಆದರೆ ಇಡೀ ಚಿತ್ರ ಇರುತ್ತಿತ್ತು. ಕೆಲ್ಲಿಗೂ ಕಾಲಿತ್ತು, ಇಲಿಗೂ ಕಾಲಿತ್ತು.

ನಿಮ್ಮ ಸಹಾಯವಾಣಿಗೆ ಬರೆದೆ. ಆ್ಯಪ್ ತೆಗೆದು ಮತ್ತೆ ಹಾಕಿ ಅಂದರು. ಹಾಕಿದೆ. ಇಂಟರ್ನೆಟ್ ವೇಗ ನೋಡಿ ಅಂದರು. ನೋಡಿ ಸ್ಕ್ರೀನ್‌ಶಾಟ್ ಕಳಿಸಿದೆ. ಮೂರನೇ ಸಲ ಬೇರೆ ಯಾರೋ ಬಂದು, "ಸರ್, ನಿಮ್ಮ ಸ್ಕ್ರೀನ್ ಫುಲ್ ಆಗಿ ಕಾಣಿಸ್ತಿದೆಯಲ್ಲ, ಪ್ರಾಬ್ಲಮ್ ಏನು?" ಅಂದರು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಬಹುಶಃ ಪಕ್ಕದಲ್ಲಿ ಕಪ್ಪು ಪಟ್ಟಿ ಬರುತ್ತಿದೆ ಅಂತ ದೂರುವವರೇ ಅವನಿಗೆ ಜಾಸ್ತಿ ಸಿಕ್ಕಿರಬೇಕು. ಆದರೆ ಅಂಥವರಿಗೆ ಉತ್ತರ ಕೊಡುವುದು ನಿಮ್ಮ ಕೆಲಸ ಅಲ್ವಾ? "ಈ ಚಿತ್ರ ತೆಗೆದದ್ದೇ ಈ ಅಳತೆಗೆ" ಅಂತ ಒಂದು ಸಾಲು ಶುರುವಿನಲ್ಲಿ ಹಾಕಿದರೆ ಮುಗಿಯಿತು. ವಿಎಚ್‌ಎಸ್ ಕ್ಯಾಸೆಟ್ಟಿನ ಕಾಲದಲ್ಲೂ ಚಿತ್ರ ಕತ್ತರಿಸಿದ್ದರೆ, ನಿಮ್ಮ ಪರದೆಗೆ ಹೊಂದುವ ಹಾಗೆ ಇದನ್ನು ಬದಲಾಯಿಸಿದ್ದೇವೆ ಅಂತ ಮೊದಲೇ ಬರೆದು ತೋರಿಸುತ್ತಿದ್ದರು. ಆ ಮಟ್ಟದ ನಾಚಿಕೆಯೂ ಈಗ ಇಲ್ಲ.

'ಸಿಟಿಜನ್ ಕೇನ್' ಅನ್ನೂ ನೀವು ಬಿಟ್ಟಿಲ್ಲ. 1941ರ ಆ ಚಿತ್ರದಲ್ಲಿ ನಿರ್ದೇಶಕ ಆರ್ಸನ್ ವೆಲ್ಸ್ ಮತ್ತು ಕ್ಯಾಮೆರಾಮನ್ ಗ್ರೆಗ್ ಟೋಲಂಡ್ ಕ್ಯಾಮೆರಾವನ್ನು ಎಷ್ಟು ಕೆಳಗೆ ಇಳಿಸಿದ್ದರು ಅಂದರೆ ಅದಕ್ಕಾಗಿ ಸ್ಟುಡಿಯೋ ನೆಲವನ್ನೇ ಅಗೆದಿದ್ದರು. ಕೆಳಗಿನಿಂದ ನೋಡಿದರೆ ಮನೆಯ ಸೂರು ಕಾಣುತ್ತದೆ. ಆಗಿನ ಸೆಟ್‌ಗಳಿಗೆ ಸಾಮಾನ್ಯವಾಗಿ ಸೂರೇ ಇರುತ್ತಿರಲಿಲ್ಲ, ಲೈಟು, ಮೈಕು ಎಲ್ಲ ಮೇಲಿನಿಂದ ತೂಗುಬಿಡಬೇಕಲ್ಲ. ಇವರು ಮಸ್ಲಿನ್ ಬಟ್ಟೆ ಬಿಗಿದು ಸೂರು ಮಾಡಿ, ಅದರ ಮೇಲೆ ಮೈಕ್ ಬಚ್ಚಿಟ್ಟರು. ಕೇನ್ ಅನ್ನುವ ಆ ದೊಡ್ಡ ಮನುಷ್ಯನ ತಲೆಯ ಮೇಲೆ ಸೂರು ಬಂದು ಕೂತ ಹಾಗೆ, ಅವನನ್ನು ಅದುಮುವ ಹಾಗೆ ಕಾಣಬೇಕು, ಅದು ಆ ದೃಶ್ಯದ ಜೀವ. ನೀವು ಮೇಲಿನಿಂದ ಕತ್ತರಿಸಿದಿರಿ. ಸೂರು ಹೋಯಿತು. ಇಷ್ಟೆಲ್ಲ ಕಷ್ಟಪಟ್ಟು ನೆಲ ಅಗೆದವರಿಗೆ ಏನು ಹೇಳೋಣ?

ಇನ್ನೊಂದು ಕಾಟ, ಚಿತ್ರದ ಕೊನೆ. ಆ ಕಾಲದಲ್ಲಿ ಹೆಸರುಗಳೆಲ್ಲ ಮೊದಲೇ ಬರುತ್ತಿದ್ದವು. ಕೊನೆಯಲ್ಲಿ 'ದಿ ಎಂಡ್' ಅಂತ ಒಂದು ಫಲಕ, ಕೆಲವೊಮ್ಮೆ ಪಾತ್ರವರ್ಗದ ಒಂದು ಪಟ್ಟಿ, ಮುಗಿಯಿತು. ನಿಮ್ಮ ಯಂತ್ರ ಮಾತ್ರ ಎಲ್ಲ ಚಿತ್ರದ ಕೊನೆಯಲ್ಲೂ ಏಳೆಂಟು ನಿಮಿಷ ಹೆಸರು ಓಡುತ್ತದೆ ಅಂತಲೇ ನಂಬಿದೆ. 'ಕಾಸಾಬ್ಲಾಂಕಾ' ನೋಡುತ್ತಿದ್ದೆ. ವಿಮಾನ ನಿಲ್ದಾಣ, ಮಂಜು. ಆ ಮಂಜೂ ಸುಳ್ಳು, ಹಿಂದೆ ನಿಂತ ವಿಮಾನವೂ ಸುಳ್ಳು. ವಾರ್ನರ್ ಸ್ಟುಡಿಯೋದೊಳಗೆ ಕತ್ತರಿಸಿ ನಿಲ್ಲಿಸಿದ ಸಣ್ಣ ವಿಮಾನ ಅದು. ದೊಡ್ಡದಾಗಿ ಕಾಣಲಿ ಅಂತ ಅದರ ಸುತ್ತ ಕುಳ್ಳಗಿನ ಜನರನ್ನು ಮೆಕ್ಯಾನಿಕ್ ವೇಷದಲ್ಲಿ ಓಡಾಡಿಸಿದ್ದರು, ಉಳಿದ ಹುಳುಕನ್ನು ಮಂಜು ಮುಚ್ಚಿತು. ಅಷ್ಟು ಅಗ್ಗದ ಸಾಮಾನಿನಲ್ಲಿ ಅಂಥ ವಿದಾಯ ಕಟ್ಟಿದ್ದಾರೆ, ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ಕೊನೆಗೆ ಇಬ್ಬರು ಗಂಡಸರು ನಮಗೆ ಬೆನ್ನು ಮಾಡಿ ಮಂಜಿನೊಳಗೆ ನಡೆಯುತ್ತಾರೆ, ಆಗ ಬೊಗಾರ್ಟ್‌ನ ಆ ಕೊನೆಯ ಮಾತು ಬರಬೇಕು. ಚಿತ್ರೀಕರಣವೆಲ್ಲ ಮುಗಿದ ಮೇಲೆ ನಿರ್ಮಾಪಕರು ಹೊಸದಾಗಿ ಬರೆದು, ಬೊಗಾರ್ಟ್‌ನನ್ನು ವಾಪಸ್ ಕರೆಸಿ ಹೇಳಿಸಿದ ಮಾತದು. ಸರಿಯಾಗಿ ಆ ಹೊತ್ತಿಗೆ ಚಿತ್ರ ಮುದುಡಿಕೊಂಡು ಮೂಲೆಗೆ ಹೋಯಿತು. ಪರದೆಯ ತುಂಬ ಒಂದು ಅಡುಗೆ ಸ್ಪರ್ಧೆಯ ಪೋಸ್ಟರ್. ಐದು ಸೆಕೆಂಡಿನಲ್ಲಿ ಶುರು, ನಾಲ್ಕು, ಮೂರು...

ಬಣ್ಣದ ಬಗ್ಗೆಯೂ ಹೇಳಿಬಿಡುತ್ತೇನೆ. ಒಂದು ಕಪ್ಪು ಬಿಳುಪು ಚಿತ್ರಕ್ಕೆ ಬಣ್ಣ ಬಳಿದ ಪ್ರತಿಯನ್ನೇ ನೀವು ಇಟ್ಟಿದ್ದೀರಿ, ಮೂಲ ಇಲ್ಲವೇ ಇಲ್ಲ, ಎಲ್ಲೂ ಹೇಳಿಯೂ ಇಲ್ಲ. ಈ ಜಗಳ ನಲವತ್ತು ವರ್ಷದ ಹಿಂದೆಯೇ ಆಗಿ ಹೋಗಿದೆ. 1986ರಲ್ಲಿ ಅಮೆರಿಕದ ಟಿವಿ ಉದ್ಯಮಿ ಟೆಡ್ ಟರ್ನರ್ ಎಂಜಿಎಂ ಕೊಂಡಾಗ ಅದರ ಹಳೆಯ ಚಿತ್ರಗಳ ಜೊತೆ 1950ಕ್ಕೂ ಮುಂಚಿನ ವಾರ್ನರ್ ಚಿತ್ರಗಳೂ ಆತನ ಕೈಗೆ ಬಂದವು. ಕಂಪ್ಯೂಟರಿನಲ್ಲಿ ಬಣ್ಣ ಬಳಿಸಲು ಶುರು ಮಾಡಿದ. ನಿರ್ದೇಶಕರು ರೊಚ್ಚಿಗೆದ್ದರು. ನಿರ್ದೇಶಕ ಜಾನ್ ಹ್ಯೂಸ್ಟನ್ ತೀರಿಕೊಂಡ ಮೇಲೆ ಅವರ ಮನೆಯವರು ಅವರ 'ದಿ ಆಸ್ಫಾಲ್ಟ್ ಜಂಗಲ್' ಚಿತ್ರಕ್ಕಾಗಿ ಫ್ರಾನ್ಸಿನಲ್ಲಿ ಕೇಸು ಹಾಕಿದರು, 1991ರಲ್ಲಿ ಅಲ್ಲಿನ ಅತಿ ದೊಡ್ಡ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. 'ಸಿಟಿಜನ್ ಕೇನ್' ತಂಟೆಗೆ ಹೋಗಲು ಮಾತ್ರ ಟರ್ನರ್‌ಗೆ ಆಗಲಿಲ್ಲ, ವೆಲ್ಸ್‌ನ ಹಳೆಯ ಕರಾರುಪತ್ರ ಅಡ್ಡ ಬಂತು. ಅದೇ ಟರ್ನರ್ 1994ರಲ್ಲಿ ಟಿಸಿಎಂ ಅನ್ನುವ ಚಾನೆಲ್ ಶುರು ಮಾಡಿ, ಹಳೆಯ ಚಿತ್ರಗಳನ್ನು ಕತ್ತರಿಸದೆ, ನಡುವೆ ಜಾಹೀರಾತು ಹಾಕದೆ ತೋರಿಸಿದ. ಅಂದರೆ ಬಣ್ಣ ಬಳಿದವನಿಗೂ ಬುದ್ಧಿ ಬಂತು. ನಿಮಗೆ ಎಷ್ಟು ವರ್ಷ ಬೇಕು?

ಹಳೆಯ ಚಿತ್ರಗಳ ಹಕ್ಕು ಯಾರ ಹತ್ತಿರ ಇದೆ ಅನ್ನುವುದೇ ಗೋಜಲು, ಪ್ಯಾರಾಮೌಂಟ್‌ನ 1950ಕ್ಕೂ ಮುಂಚಿನ ಸುಮಾರು 700 ಚಿತ್ರಗಳು 1958ರಲ್ಲಿ ಮಾರಾಟವಾಗಿ ಈಗ ಯೂನಿವರ್ಸಲ್ ಬಳಿ ಇವೆ, ಆರ್‌ಕೆಓ ಅಂಗಡಿಯೇ ಮುಚ್ಚಿತು, ಇದೆಲ್ಲ ನನಗೂ ಗೊತ್ತು. ಎಲ್ಲ ಚಿತ್ರ ತನ್ನಿ ಅಂತ ನಾನು ಕೇಳುತ್ತಿಲ್ಲ. ಎಲ್ಲವೂ ಉಳಿದೂ ಇಲ್ಲ. ಆಗಿನ ನೈಟ್ರೇಟ್ ಫಿಲ್ಮಿಗೆ ಬೆಂಕಿ ಹತ್ತಿದರೆ ನೀರಿನೊಳಗೆ ಮುಳುಗಿಸಿದರೂ ಆರುತ್ತಿರಲಿಲ್ಲ. 1937ರ ಜುಲೈ ಬಿಸಿಲಿನಲ್ಲಿ ನ್ಯೂಜೆರ್ಸಿಯ ಲಿಟಲ್ ಫೆರಿಯಲ್ಲಿದ್ದ ಫಾಕ್ಸ್ ಗೋದಾಮು ಹೊತ್ತಿ ಉರಿದು, ಆ ಸ್ಟುಡಿಯೋದ ಮೂಕಿ ಚಿತ್ರಗಳಲ್ಲಿ ಬಹುಪಾಲು ಒಂದೇ ರಾತ್ರಿಯಲ್ಲಿ ಹೋದವು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಲೆಕ್ಕ ಹಾಕಿದಾಗ, ಅಲ್ಲಿ ತಯಾರಾದ ಪೂರ್ಣಪ್ರಮಾಣದ ಮೂಕಿ ಚಿತ್ರಗಳಲ್ಲಿ ಮೂಲ ರೂಪದಲ್ಲಿ ಪೂರ್ತಿಯಾಗಿ ಉಳಿದದ್ದು ನೂರಕ್ಕೆ 14 ಮಾತ್ರ. ಬೆಂಕಿಯಿಂದ ಉಳಿದು, ಗೆದ್ದಲು ಕಸದಿಂದ ಉಳಿದು, ಯಾರೋ ಒಂದೊಂದೇ ಫ್ರೇಮ್ ತೊಳೆದು ಸರಿಪಡಿಸಿಟ್ಟ ಚಿತ್ರವನ್ನು ನೀವು ಕೊನೆಯ ಹೆಜ್ಜೆಯಲ್ಲಿ ಕತ್ತರಿ ಹಾಕಿ ಬಡಿಸುತ್ತಿದ್ದೀರಲ್ಲ, ಹೊಟ್ಟೆ ಉರಿಯುವುದು ಅದಕ್ಕೆ.

ನಮ್ಮ ಕಡೆಯವನೊಬ್ಬನ ವಿಷಯವನ್ನೂ ಇಲ್ಲೇ ಎತ್ತುತ್ತೇನೆ. ಸಾಬು ದಸ್ತಗೀರ್. 1924ರಲ್ಲಿ ಮೈಸೂರು ಸಂಸ್ಥಾನದ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ. ಅಮೆರಿಕದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಯ ತಂಡ ಚಿತ್ರ ತೆಗೆಯಲು ಮೈಸೂರಿಗೆ ಬಂದಾಗ ಕಣ್ಣಿಗೆ ಬಿದ್ದ ಹುಡುಗ, 1937ರಲ್ಲಿ 'ಎಲಿಫೆಂಟ್ ಬಾಯ್' ಆಗಿ ಜಗತ್ತಿಗೆಲ್ಲ ಗೊತ್ತಾದ. ಲಂಡನ್ನಿಗೆ ಹೋದ, ಯುದ್ಧ ಬಂದ ಮೇಲೆ ಹಾಲಿವುಡ್ಡಿಗೆ. ಯೂನಿವರ್ಸಲ್‌ನವರು ಮೂರು ನೆಗೆಟಿವ್‌ಗಳ ಟೆಕ್ನಿಕಲರ್ ಅನ್ನುವ ಬಣ್ಣದ ವಿಧಾನದಲ್ಲಿ ತೆಗೆದ ಮೊದಲ ಚಿತ್ರ, 1942ರ 'ಅರೇಬಿಯನ್ ನೈಟ್ಸ್', ಅದರಲ್ಲಿ ಸಾಬು ಇದ್ದಾನೆ. 1944ರಲ್ಲಿ ಅಮೆರಿಕದ ಪ್ರಜೆಯಾಗಿ, ಬಾಂಬರ್ ವಿಮಾನದ ಬಾಲದಲ್ಲಿ ಗನ್ ಹಿಡಿದು ಕೂತು ಯುದ್ಧವನ್ನೂ ಮಾಡಿದ. 1963ರಲ್ಲಿ, 39ನೇ ವಯಸ್ಸಿಗೆ ಹೃದಯಾಘಾತ. ಸ್ಟುಡಿಯೋಗಳು ಅವನಿಗೆ ರುಮಾಲು, ಲಂಗೋಟಿ ಬಿಟ್ಟು ಬೇರೆ ಪಾತ್ರ ಕೊಟ್ಟದ್ದು ಕಡಿಮೆ, ಅದನ್ನು ನೋಡುವಾಗ ಬೇಜಾರೂ ಆಗುತ್ತದೆ. ಆದರೂ ನೋಡಬೇಕು. ನಿಮ್ಮ ಹುಡುಕುವ ಜಾಗದಲ್ಲಿ 'ಸಾಬು' ಅಂತ ಹಾಕಿದರೆ ಸಾಬುದಾನಿ ವಡೆ ಮಾಡುವ ವಿಡಿಯೋ ಬರುತ್ತದೆ.

ಬೇಜಾರಿನ ಮಾತು ಬಂತಲ್ಲ, ಅದಕ್ಕೂ ಕತ್ತರಿ ಮದ್ದಲ್ಲ. 'ಗಾನ್ ವಿತ್ ದಿ ವಿಂಡ್' ಗುಲಾಮಗಿರಿಯನ್ನು ಸಿಹಿಯಾಗಿ ತೋರಿಸುತ್ತದೆ. ಅದರ ನಟನೆಗೆ ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ ಹ್ಯಾಟಿ ಮೆಕ್‌ಡೇನಿಯಲ್‌ರನ್ನು 1940ರ ಆ ಸಮಾರಂಭದಲ್ಲಿ ಉಳಿದ ಕಲಾವಿದರ ಜೊತೆ ಕೂರಿಸದೆ ಬೇರೆ ಟೇಬಲ್ಲಿಗೆ ಕಳಿಸಿದ್ದರು. 2020ರಲ್ಲಿ ಅಮೆರಿಕದ ಒಂದು ಓಟಿಟಿ ಈ ಚಿತ್ರವನ್ನು ತೆಗೆದುಹಾಕಿ, ಕೆಲವೇ ದಿನಗಳಲ್ಲಿ ಒಬ್ಬ ಚಿತ್ರ ವಿದ್ವಾಂಸೆಯ ಮುನ್ನುಡಿ ಸೇರಿಸಿ ವಾಪಸ್ ತಂದಿತು. ದೃಶ್ಯ ಒಂದೂ ಹೋಗಲಿಲ್ಲ. ಹಾಗೆ ಮಾಡಿ. ನಿಮ್ಮಲ್ಲಿ ಒಂದೆರಡು ಚಿತ್ರಗಳಲ್ಲಿ ದೃಶ್ಯಗಳೇ ಸದ್ದಿಲ್ಲದೆ ಮಾಯವಾಗಿವೆ.

ಈಗ ನೇರವಾಗಿ ಕೇಳುತ್ತೇನೆ. ಮೊದಲನೆಯದು, ಉಳಿದದ್ದು ಯಾವುದೂ ಆಗದಿದ್ದರೂ ಇದೊಂದು ಆಗಲೇಬೇಕು: ಚಿತ್ರವನ್ನು ಅದರ ಅಳತೆಯಲ್ಲಿ ತೋರಿಸಿ. ಪಕ್ಕದಲ್ಲಿ ಕಪ್ಪು ಪಟ್ಟಿ ಬಂದರೆ ಬರಲಿ. 'ದಿ ಎಂಡ್' ಫಲಕ ಹೋಗುವವರೆಗೆ ಬೇರೆ ಏನನ್ನೂ ತೋರಿಸಬೇಡಿ, ಶುರುವಿನ ಹೆಸರುಗಳ ಮೇಲೆ 'ಸ್ಕಿಪ್' ಬಟನ್ ಇಡಬೇಡಿ, ಆ ಕ್ಯಾಮೆರಾಮನ್ ಹೆಸರು ಬರುವುದು ಅಲ್ಲೊಂದೇ ಕಡೆ. ಬಣ್ಣ ಬಳಿದ ಪ್ರತಿ ಬೇಕೇ ಬೇಕು ಅನ್ನುವವರಿಗೆ ಇಟ್ಟುಕೊಳ್ಳಿ, ಆದರೆ ಮೂಲವೂ ಪಕ್ಕದಲ್ಲಿರಲಿ, ಯಾವುದು ಯಾವುದು ಅಂತ ಬರೆದಿರಲಿ. ತಿಂಗಳ ಕೊನೆಗೆ ಚಿತ್ರ ತೆಗೆಯುತ್ತೀರಾದರೆ ಒಂದು ವಾರ ಮೊದಲೇ ತಿಳಿಸಿ. ನಾನು ಅರ್ಧ ನೋಡಿ ಮಲಗಿದ್ದ ಚಿತ್ರ ಬೆಳಿಗ್ಗೆ ಏಳುವಷ್ಟರಲ್ಲಿ ಇರಲಿಲ್ಲ.

ಕನ್ನಡ ಸಬ್‌ಟೈಟಲ್ ಕೂಡ ಕೊಡಿ. ಇದು ಅತಿಯಾಸೆ ಅಂತ ನಗಬೇಡಿ. ಆ ಕಾಲದ ಹಾಸ್ಯ ಚಿತ್ರಗಳಲ್ಲಿ ಗಂಡು ಹೆಣ್ಣು ಇಬ್ಬರೂ ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ಪಟಪಟ ಮಾತಾಡುತ್ತಾರೆ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವರಿಗೂ ಅರ್ಧ ಕೈತಪ್ಪುತ್ತದೆ. ಕೊರಿಯಾದ ಸೀರೀಸ್‌ಗಳಿಗೆ ಕನ್ನಡ ಡಬ್ಬಿಂಗ್ ಮಾಡಿಸುವ ನಿಮಗೆ ಹತ್ತು ಹಳೆಯ ಚಿತ್ರಗಳಿಗೆ ಕನ್ನಡದಲ್ಲಿ ಸಾಲು ಬರೆಸುವುದು ಭಾರವಲ್ಲ. ನಮ್ಮಲ್ಲಿ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ದುಡ್ಡು ಕೊಡಿ ಅಷ್ಟೆ.

ನನ್ನ ಚಂದಾ ಮುಂದಿನ ತಿಂಗಳು 14ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಆಸ್ಟೇರ್‌ನ ಕಾಲು ವಾಪಸ್ ಬಂದರೆ ಒಂದು ಮೆಸೇಜ್ ಹಾಕಿ. ಚಿಕ್ಕಮ್ಮನಿಗೆ ಫೋನ್ ಮಾಡಿ ಕರೆಸಬೇಕು.

ಇಂತಿ,
ನಿಮ್ಮ ಒಬ್ಬ ಚಂದಾದಾರ
ದಾವಣಗೆರೆ